ಮರಿಯೋ ಕೋಳಿಯೋ

ಮಾರ್ಗಶಿರ ಶುದ್ಧ ಪಂಚಮಿ, ಮಂಗಳವಾರ. ಬೆಳಗ್ಗೆ ಮಂಜಿತ್ತು, ಮಧ್ಯಾಹ್ನ ಬಿಸಿಲು ಬಂತು.

ಆ ದಿನ ಕಣಿವೆಸೀಮೆ ಎಂಬ ರಾಜ್ಯದಲ್ಲಿ ಪುಟ್ಟೀರಮ್ಮ ಎಂಬಾಕೆ ತನ್ನ ಕೆಂಪಿಯನ್ನು ಕಾವಿಗೆ ಕೂರಿಸಿದಳು. ಕೆಂಪಿ ಅಂದರೆ ಒಂದು ಗಿಡ್ಡ ನಾಟಿ ಕೋಳಿ. ಅವಳ ಹಿತ್ತಿಲಲ್ಲಿ ಇದ್ದದ್ದು ಅದೊಂದೇ.

ಮೊಟ್ಟೆ ಮಾತ್ರ ಕೆಂಪಿಯವಲ್ಲ. ಅರಮನೆಯ ಪಾರುಪತ್ಯಗಾರ ಚೆಲುವಯ್ಯನವು. ರಾಜ್ಯದ ಕಟ್ಟಳೆಗಳನ್ನು ಬರೆದು ಡಂಗುರ ಸಾರಿಸುವವನೂ ಅವನೇ. ದೂರದೇಶದ ವ್ಯಾಪಾರಿಯೊಬ್ಬ ಅವನಿಗೆ ಆರು ಮೊಟ್ಟೆ ಕೊಟ್ಟು, "ಇವು ದೊಡ್ಡ ಜಾತಿ ಸ್ವಾಮಿ, ಕುರಿಮರಿಯಷ್ಟಾಗುತ್ತವೆ. ಆದರೆ ನಿಧಾನ. ಹುಂಜ ಕೂಗಲು ಎಂಟು ತಿಂಗಳು ಬೇಕು" ಎಂದಿದ್ದ. ಚೆಲುವಯ್ಯ ಮೊಟ್ಟೆಗಳನ್ನು ಪುಟ್ಟೀರಮ್ಮನಿಗೆ ಪಾಲಿಗೆ ಕೊಟ್ಟ. ವ್ಯಾಪಾರಿ ಹೇಳಿದ ಮಾತನ್ನು ಕೊಡಲಿಲ್ಲ.

ಪಾಲಿನ ಪದ್ಧತಿ ಅಲ್ಲಿ ಎಲ್ಲರಿಗೂ ಗೊತ್ತು. ಮೊಟ್ಟೆ ಒಬ್ಬರದು, ಸಾಕುವುದು ಇನ್ನೊಬ್ಬರು. ಹುಂಜ ಕೂಗಿದ ದಿನ ಮರಿಗಳು ಕೋಳಿಗಳಾದವೆಂದು ಲೆಕ್ಕ. ಆವತ್ತು ಸರಿಪಾಲು. ಅಲ್ಲಿಯವರೆಗೆ ಅವು ಮರಿ. ಮರಿ ಮೊಟ್ಟೆ ಕೊಟ್ಟವನದು. ಚೆಲುವಯ್ಯ ಇನ್ನೊಂದು ಮಾತು ಸೇರಿಸಿದ.

"ಆರಕ್ಕೆ ಕಡಿಮೆ ಬಿದ್ದರೆ ನಿನ್ನ ಕೆಂಪಿ ನನಗೆ."

ಪುಟ್ಟೀರಮ್ಮ ಒಪ್ಪಿದಳು. ನಾಟಿ ಹುಂಜ ನಾಲ್ಕೈದು ತಿಂಗಳಿಗೆ ಕೂಗುತ್ತದೆ. ಅಷ್ಟು ದಿನ ಕಾಯುವುದೇನು ಮಹಾ!

ಆರಕ್ಕಾರೂ ಮರಿಯಾದವು. ಮೂರನೇ ತಿಂಗಳಿಗೆ ಕೆಂಪಿಯಷ್ಟಾದವು. ಐದನೇ ತಿಂಗಳಿಗೆ ಕೆಂಪಿಯ ಎರಡರಷ್ಟಾದವು. ಕೂಗಲಿಲ್ಲ. ಚಿಂವ್ ಚಿಂವ್ ಅನ್ನುತ್ತ ಇನ್ನೂ ಕೆಂಪಿಯ ರೆಕ್ಕೆಯಡಿಗೇ ನುಗ್ಗುತ್ತಿದ್ದವು. ಒಂದು ತಲೆ ತೂರಿಸಿದರೆ ಸಾಕು, ಕೆಂಪಿ ನೆಲ ಬಿಟ್ಟು ಮೇಲೇಳುತ್ತಿತ್ತು.

"ಅಕ್ಕಾ, ಇವು ನನ್ನ ಮರಿಗಳೋ, ನಾನು ಇವುಗಳ ಮರಿಯೋ?" ಎಂದು ಕೇಳಿತು ಕೆಂಪಿ.

"ನಂಗೇನು ಗೊತ್ತು ತಾಯಿ. ನೋಡಿದರೆ ಕೋಳಿ, ಕೇಳಿದರೆ ಮರಿ."

ಅದೇ ತಿಂಗಳು ಚೆಲುವಯ್ಯ ಬಂದ.

"ಕೂಗಿತೇನಮ್ಮಿ?"

"ಇಲ್ಲ ಅಯ್ಯನೋರೇ."

"ಹಾಗಾದರೆ ಮರಿ. ಮರಿ ನನ್ನದು."

ದಪ್ಪನೆಯದೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಸಂಜೆಗೆ ಅವನ ಮನೆಯ ಸಾರಿನ ಘಮ ಬೀದಿಯುದ್ದಕ್ಕೂ ಬಂತು.

ಆರನೇ ತಿಂಗಳು ಬಂದ. "ಕೂಗಿತೇನಮ್ಮಿ?" "ಇಲ್ಲ." ಇನ್ನೊಂದು ಹೋಯಿತು. ಏಳನೇ ತಿಂಗಳು ಬಂದ. ಈ ಸಲ ಕೇಳಲೂ ಇಲ್ಲ. ಒಂದು ಕಂಕುಳಿಗೆ ಹಿಡಿಸದೆ ಎರಡೂ ಕೈಯಲ್ಲಿ ತಬ್ಬಿಕೊಂಡು ಒಯ್ದ.

ಎಂಟನೇ ತಿಂಗಳು, ಒಂದು ಬೆಳಗ್ಗೆ, ಹುಂಜ ಗೊಗ್ಗರು ದನಿಯಲ್ಲಿ ಕೂಗಿತು. ಚೆಲುವಯ್ಯ ಮಂಕರಿ ಬುಟ್ಟಿ ಹಿಡಿದುಕೊಂಡೇ ಬಂದ.

"ಆರರಲ್ಲಿ ಮೂರೇ ಇವೆ. ಕಡಿಮೆ ಬಿತ್ತು. ಕೆಂಪಿಯನ್ನು ಹಿಡಿದು ಕೊಡು. ಆಮೇಲೆ ಈ ಮೂರನ್ನು ಪಾಲು ಮಾಡೋಣ."

"ಉಳಿದ ಮೂರನ್ನು ನೀವೇ ತಿಂದಿರಲ್ಲ ಅಯ್ಯನೋರೇ!"

"ನಾನು ತಿಂದದ್ದು ಮರಿ. ಈಗ ಕೇಳುತ್ತಿರುವುದು ಕೋಳಿ."

ಪುಟ್ಟೀರಮ್ಮ ಆ ಮಾತನ್ನು ತಿರುವಿ ನೋಡಿದಳು. ಮಾತು ಸರಿಯಿದ್ದಂತೆಯೂ ಇತ್ತು, ಮೋಸವಿದ್ದಂತೆಯೂ ಇತ್ತು. ಕೆಂಪಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಾಜನ ಬಳಿಗೆ ಓಡಿದಳು. ಚೆಲುವಯ್ಯನೂ ಹಿಂದೆಯೇ ಬಂದ.

ರಾಜ ಇಬ್ಬರ ಮಾತನ್ನೂ ಕೇಳಿದ. ಬೆರಳು ಮಡಚಿ ಎಣಿಸಿದ. "ಇನ್ನೊಂದು ಸಲ ಹೇಳಿ" ಎಂದ. ಹೇಳಿದರು. ಮೊದಲು ತಿಳಿದಿದ್ದಷ್ಟೂ ತಿಳಿಯದೆ ಹೋಯಿತು. ಮಂತ್ರಿಯ ಮುಖ ನೋಡಿದ. ಮಂತ್ರಿ ಕಿಟಕಿ ನೋಡಿದ.

ಆಗ ಕೆಂಪಿ ಸೆರಗಿನೊಳಗಿಂದ ಪಿಸುಗುಟ್ಟಿತು. "ಅಕ್ಕಾ, ಹೋದ ವರ್ಷದ ಡಂಗುರ ನೆನಪಿದೆಯಾ?"

ಪುಟ್ಟೀರಮ್ಮ ರಾಜನಿಗೆ ಕೈ ಮುಗಿದಳು. "ಬುದ್ಧಿ, ನಾನು ದಡ್ಡಿ. ಅಯ್ಯನೋರೇ ಹೇಳಲಿ. ಅವರು ತಿಂದದ್ದು ಮರಿಯೋ, ಕೋಳಿಯೋ?"

"ಮರಿ!" ಎಂದ ಚೆಲುವಯ್ಯ.

"ತಾಯಿಯ ರೆಕ್ಕೆ ಬಿಡದ ಮರಿಯನ್ನು ಕೊಯ್ದವರು ಒಂದಕ್ಕೆರಡರಂತೆ ತಮ್ಮ ಕೈಯಾರೆ ಸಾಕಿ, ಆ ತಾಯಿಕೋಳಿಯ ಹಿತ್ತಿಲಿಗೆ ತುಂಬಿಕೊಡಬೇಕು ಅಂತ ಸಾರಿಸಿದವರು ನೀವೇ ಅಲ್ವೇ?"

"ಅಯ್ಯೋ, ಹಾಗಾದರೆ ಕೋಳಿ!"

"ಕೋಳಿಯಾದರೆ ಸರಿಪಾಲು. ಮೂರು ನಿಮ್ಮ ಹೊಟ್ಟೇಲಿವೆ, ಮೂರು ನನ್ನ ಹಿತ್ತಿಲಲ್ಲಿವೆ. ಪಾಲು ಮುಗೀತಲ್ಲ. ಕೆಂಪಿಯನ್ನು ಯಾಕೆ ಕೊಡಲಿ?"

ಅಲ್ಲಿಗೆ ಸುಮ್ಮನಾಗಿದ್ದರೆ ಚೆಲುವಯ್ಯ ಬದುಕಿಕೊಳ್ಳುತ್ತಿದ್ದ. ಆದರೆ ಹಿತ್ತಿಲಿನ ಆ ಮೂರು ಅವನ ಕಣ್ಣೆದುರು ಬಂದು ನಿಂತವು. ಬಾಯಲ್ಲಿ ನೀರೂರಿತು. ನೀರೂರಿದ ಬಾಯಿಗೆ ಯಾವ ಮಾತು ಯಾತಕ್ಕೆಂದು ಮರೆತೇ ಹೋಯಿತು.

"ಇಲ್ಲ ಇಲ್ಲ, ಮರಿ!"

ರಾಜನ ಮುಖ ಅರಳಿತು. ಅಷ್ಟು ಹೊತ್ತಿನಲ್ಲಿ ಅವನಿಗೆ ತಿಳಿದದ್ದು ಅದೊಂದೇ ಮಾತು. "ಮೂರು ಸಲ ಹೇಳಿದೆ. ಕೊನೆಗೂ ಮರಿ ಎಂದೆ. ಮರಿಯೇ ಆಗಲಿ. ಹೋಗು, ಆರು ಮರಿ ಸಾಕು. ನಿನ್ನ ಹಿತ್ತಿಲಲ್ಲಿ ಹುಂಜ ಕೂಗುವ ತನಕ ಅರಮನೆ ಕಡೆ ಬರಬೇಡ."

ವ್ಯಾಪಾರಿಯಿಂದ ಅದೇ ಜಾತಿಯ ಆರು ಮರಿ ತರಿಸಿದರು. ತಾಯಿಯಿಲ್ಲದ ಮರಿಗಳು. ಚೆಲುವಯ್ಯ ಕೂತರೆ ಸಾಕು, ಅವನ ಕಂಬಳಿಯೊಳಗೆ ನುಗ್ಗುತ್ತಿದ್ದವು. ಐದನೇ ತಿಂಗಳಲ್ಲೂ ನುಗ್ಗಿದವು, ಏಳನೇ ತಿಂಗಳಲ್ಲೂ ನುಗ್ಗಿದವು. ತಾನು ಪಾರುಪತ್ಯಗಾರನೋ ತಾಯಿಕೋಳಿಯೋ ಎಂದು ಅವನಿಗೇ ಅನುಮಾನ ಬಂತು. ಪುಟ್ಟೀರಮ್ಮನ ಮೂರರಲ್ಲಿ ಪಾಲು ಕೇಳುವ ಬಾಯಿ ಆಮೇಲೆ ಅವನಿಗೆ ಉಳಿದಿರಲಿಲ್ಲ.

ಕೇಳಿಸಿತೇ ಮಕ್ಕಳೇ? ಒಂದೇ ಮಾತಿಗೆ ತಾನು ತೆಗೆದುಕೊಳ್ಳುವಾಗ ಒಂದು ಅರ್ಥ, ಕೊಡುವಾಗ ಇನ್ನೊಂದು ಅರ್ಥ ಹೇಳಬಾರದು. ಹೇಳಿದವನು ತನ್ನ ಮಾತಿನಲ್ಲೇ ಸಿಕ್ಕಿಬೀಳುತ್ತಾನೆ.

ಚೆಲುವಯ್ಯ ಕೊನೆಗೆ ತೆತ್ತದ್ದೇನು ಅಂತೀರಾ? ಎಂಟು ತಿಂಗಳ ರಾಗಿ. ಆರು ಕೋಳಿ. ಆಮೇಲೆ ಆ ಕಂಬಳಿಯನ್ನೂ ಕೊಡಬೇಕಾಯಿತು. ಕೋಳಿಗಳು ಅದನ್ನು ಬಿಟ್ಟು ಬರಲೊಲ್ಲವು.