ಮುದ್ದಯ್ಯ ಪಥ್ಯದ ಕೆಲಸ ಕಲಿತದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ, ಮುದ್ದಯ್ಯನ ಸಂಗತಿ ಹೇಳ್ತೀನಿ.

ಹೊಂಬಾಳೆಪೇಟೆ ಅಂತ ಒಂದು ಊರು. ಆ ಊರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು. ಬಾಣಂತಿಯರ ಮನೆಗೆ ಹೋಗಿ ಪಥ್ಯದ ಅಡುಗೆ ಮಾಡಿಕೊಡೋದು ಅವಳ ಕಸುಬು. ಅವಳಿಗೊಬ್ಬ ಮಗ, ಮುದ್ದಯ್ಯ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ. ಹೇಳಿದ ಮಾತನ್ನ ಒಂದು ದಿನಾನೂ ಮೀರಿದವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. "ಒಲೆ ಮೇಲೆ ಹಾಲಿದೆ, ನೋಡ್ಕೊಳೋ" ಅಂದ್ರೆ, ಹಾಲು ಉಕ್ಕಿ, ಸುರಿದು, ಒಲೆ ಆರಿಹೋಗೋವರೆಗೂ ನೋಡ್ತಾ ಕೂತಿರ್ತಿದ್ದ.

"ಏನೋ ಇದು, ಹಾಳಾದೋನೆ!"

"ಕೊನೇವರೆಗೂ ನೋಡಿದೆ ಕಣಮ್ಮ. ಬಲು ಚೆನ್ನಾಗಿತ್ತು!"

ದೊಡ್ಡತಾಯಮ್ಮನಿಗೆ ಒಂದೇ ಯೋಚನೆ. ನನ್ನ ಕೈಕಾಲು ಆಡೋವರೆಗೂ ಇವನಿಗೆ ಹಿಟ್ಟು ಬೇಯಿಸಿ ಹಾಕ್ತೀನಿ, ಆಮೇಲೆ ಇವನಿಗೆ ಯಾರಪ್ಪಾ ದಿಕ್ಕು?

ಪೇಟೆ ಆಸ್ಪತ್ರೆಯಲ್ಲಿ ಇಂದುಮತಿ ಅಂತ ಪಥ್ಯದ ಮೇಡಂ ಇದ್ದರು. ಯಾವ ರೋಗಿ ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ತಿಂದರೆ ಸರಿ ಅಂತ ಗೊತ್ತುಮಾಡೋರು ಅವರೇ. ಅವರ ಬಾಣಂತನದಲ್ಲಿ ಮೆಣಸಿನ ಸಾರು ಮಾಡಿ ಹಾಕಿದವಳು ದೊಡ್ಡತಾಯಮ್ಮ. ಅವಳು ಹೋಗಿ ಕೈ ಮುಗಿದಳು. ಮೇಡಂ ಇಲ್ಲ ಅನ್ನಲಿಲ್ಲ.

"ಇರಲಿ ಬಿಡಿ ಅಮ್ಮ, ಪಥ್ಯದ ಅಡುಗೆಮನೆಗೆ ಸೇರಿಸ್ಕೋತೀನಿ. ರೋಗಿಗಳಿಗೆ ಊಟ ಕೊಡೋದು ಕಲೀಲಿ. ಚೆನ್ನಾಗಿ ಮಾಡಿದ್ರೆ ದೊಡ್ಡ ಡಾಕ್ಟರಿಗೆ ಹೇಳಿ ತರಬೇತಿಗೆ ಕಳಿಸೋಣ. ಈ ಕಾಲದಲ್ಲಿ ಊಟದ ವಿಷಯ ತಿಳಿದವರಿಗೆ ಎಲ್ಲೋದ್ರೂ ಕೆಲಸ ಇದೆ."

ದೊಡ್ಡತಾಯಮ್ಮನ ಕಣ್ಣು ತುಂಬಿ ಬಂತು. "ಮೇಡಂ ಹೇಳಿದ್ದನ್ನ ಹೇಳಿದಂಗೇ ಮಾಡೋ ಮಗನೇ" ಅಂದಳು.

"ಆಗಲಿ ಕಣಮ್ಮ, ಹಂಗೇ ಮಾಡ್ತೀನಿ!"

ಮೊದಲನೇ ದಿನ ಒಬ್ಬ ಬಿಪಿ ತಾತ. "ನೋಡು ಮುದ್ದಯ್ಯ, ಈ ತಾತ ಉಪ್ಪಿನಕಾಯಿ ಮುಟ್ಟೋ ಹಂಗಿಲ್ಲ" ಅಂದರು ಮೇಡಂ. ಅವರು ಆ ಕಡೆ ಹೋದರು. ತಾತ ಈ ಕಡೆ ದಿಂಬಿನ ಕೆಳಗಿಂದ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿ ತೆಗೆದ.

"ತಾತಾ, ತಾತಾ, ಮುಟ್ಟಬೇಡ! ಕೈ ಹಿಂದಕ್ಕೆ ಕಟ್ಕೋ!"

ತಾತ ಕೈ ಹಿಂದಕ್ಕೆ ಕಟ್ಟಿಕೊಂಡ. ಮುದ್ದಯ್ಯ ಒಂದೊಂದೇ ಹೋಳು ತೆಗೆದು ತಾತನ ಬಾಯಿಗಿಟ್ಟ. ಡಬ್ಬಿ ಖಾಲಿಯಾಯಿತು. ತಾತನ ಬಿಪಿ ಏರಿ ಕೂತಿತು.

"ಅಯ್ಯೋ ಮಾರಾಯ, ಏನು ಮಾಡಿದೆ!"

"ತಾತ ಮುಟ್ಟೇ ಇಲ್ಲ ಮೇಡಮ್ಮ, ಬೇಕಾದ್ರೆ ಕೈ ಮೂಸಿ ನೋಡಿ!"

ಮೇಡಂ ಬೈದು ಕಳಿಸಿದರು. ಮನೆಯಲ್ಲಿ ಅವ್ವ ತಲೆ ಚಚ್ಚಿಕೊಂಡಳು. "ಬೆಪ್ಪು ಮುಂಡೇದೆ! ಕೊಡಲೇಬೇಕು ಅಂತಿದ್ರೆ ನೀರಲ್ಲಿ ಚೆನ್ನಾಗಿ ತೊಳೆದು ಕೊಡಬಾರದಿತ್ತೇನೋ?"

"ಆಗಲಿ ಕಣಮ್ಮ, ಹಂಗೇ ಮಾಡ್ತೀನಿ!"

ಮಾರನೇ ದಿನ ಜ್ವರದಿಂದ ಎದ್ದ ಹುಡುಗಿಯೊಬ್ಬಳಿಗೆ ರಾಗಿ ಹುರಿಹಿಟ್ಟು ಕೊಡಬೇಕಿತ್ತು. ಮುದ್ದಯ್ಯ ಹಿಟ್ಟನ್ನ ಬೊಗಸೆಯಲ್ಲಿ ತುಂಬಿಕೊಂಡ, ನಲ್ಲಿ ಕೆಳಗೆ ಹಿಡಿದ, ತೊಳೆದೇ ತೊಳೆದ. ಹುಡುಗಿ ಬಟ್ಟಲು ಹಿಡಿದು ಕಾದೇ ಕಾದಳು.

"ಹಿಟ್ಟೆಲ್ಲೋ?" ಅಂದರು ಮೇಡಂ.

"ಬಲು ಕೊಳೆ ಇತ್ತು ಮೇಡಮ್ಮ. ತೊಳೀತಾ ತೊಳೀತಾ ಏನೂ ಉಳೀಲಿಲ್ಲ!"

ಮತ್ತೆ ಬೈಗುಳ. ಮತ್ತೆ ಅವ್ವನ ಬುದ್ಧಿಮಾತು. "ಅಲ್ಲವೋ, ಅಂಥಾದ್ದನ್ನ ಒಂದು ತೊಟ್ಟು ನೀರು ಸೋಕದಂಗೆ ಟವಲಲ್ಲಿ ಗಂಟು ಕಟ್ಕೊಂಡು ಹೋಗಬೇಕು ಕಣೋ!"

"ಆಗಲಿ ಕಣಮ್ಮ, ಹಂಗೇ ಮಾಡ್ತೀನಿ!"

ಅದರ ಮಾರನೇ ದಿನ ಆಪರೇಷನ್ ಆದ ಹೆಂಗಸಿಗೆ ಗಂಜಿ. ಮುದ್ದಯ್ಯ ಟವಲು ಹಾಸಿದ, ಗಂಜಿ ಸುರಿದ, ಗಂಟು ಕಟ್ಟಿದ, ಹೆಗಲಿಗೇರಿಸಿ ಹೊರಟ. ಅವನ ಹಿಂದೆ ನೆಲದ ಮೇಲೆ ಗಂಜಿ ಸಾಲು, ಗಂಜಿ ಸಾಲಿನ ಹಿಂದೆ ಆಸ್ಪತ್ರೆ ಬೆಕ್ಕು. ಮಂಚದ ಹತ್ತಿರ ಬಂದು ಗಂಟು ಬಿಚ್ಚಿದರೆ ಒದ್ದೆ ಟವಲು!

"ಅಕ್ಕಾ, ಲೋಟ ಹಿಡೀರಿ" ಅಂದ. "ಹಿಂಡಿದ್ರೆ ಇನ್ನೂ ಸ್ವಲ್ಪ ಬರುತ್ತೆ!"

ಆ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಎಳೆಯುತ್ತೆ, ಆದರೂ ನಗು. ಮೇಡಂ ಮಾತ್ರ ನಗಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಿಮ್ಮ ತಾಯಿ ಹತ್ರ ನಾನೇ ಬಂದು ಮಾತಾಡಬೇಕಾಗುತ್ತೆ" ಅಂದರು.

ಆ ಸಂಜೆ ದೊಡ್ಡತಾಯಮ್ಮ ಬೈಯಲಿಲ್ಲ. ಮಗನ ಟವಲು ಒಗೆದು ಹರವಿದಳು, ಅವನ ಪಕ್ಕ ಕೂತಳು. "ಮುದ್ದಾ, ನಾನು ಎಷ್ಟು ದಿನ ಅಂತ ಇರ್ತೀನಿ ಹೇಳು? ಗೊತ್ತಾಗದಿದ್ರೆ ಮೇಡಂ ಹತ್ರ ಹೋಗಿ ಬಾಯಿ ಬಿಟ್ಟು ಕೇಳಪ್ಪ. ಕೇಳೋದ್ರಲ್ಲಿ ನಾಚಿಕೆ ಏನು?"

ಅವ್ವನ ದನಿ ಸಣ್ಣಗಾದದ್ದು ಮುದ್ದಯ್ಯನಿಗೂ ತಿಳೀತು. ಮೆಲ್ಲಗೆ ಅಂದ, "ಆಗಲಿ ಕಣಮ್ಮ, ಹಂಗೇ ಮಾಡ್ತೀನಿ."

ಬೆಳಗ್ಗೆ ಮೇಡಂ ಮುಂದೆ ಹೋಗಿ ನಿಂತ. ಬಾಯಿ ಬಿಟ್ಟ. ಆನೆಮರಿ ಬಾಯಿ ಬಿಟ್ಟ ಹಾಗೆ ಬಿಟ್ಟ.

"ಏನಾಯ್ತೋ?"

"ಆಆಆ... ಆಆ?"

"ಗಂಟಲು ನೋವೇನೋ?"

"ಆಆಆ!"

ಮೇಡಂ ಹೆದರಿ ಗಂಟಲು ಡಾಕ್ಟರ ಹತ್ತಿರ ಕಳಿಸಿದರು. ಅವರು ಬ್ಯಾಟರಿ ಬಿಟ್ಟು ನೋಡಿದರು, ಕಡ್ಡಿ ಇಟ್ಟು ನೋಡಿದರು. "ಗಂಟಲು ಗಟ್ಟಿಯಾಗಿದೆ, ಏನಪ್ಪಾ ನಿನ್ನ ಕಷ್ಟ?" ಅಂದರು.

"ಬಾಯಿ ಬಿಟ್ಟು ಕೇಳು ಅಂದ್ಲು ನಮ್ಮವ್ವ. ಬಿಟ್ಟೆ. ಬಿಟ್ಟುಕೊಂಡೇ ಕೇಳೋಕೆ ಆಗ್ತಿಲ್ಲ!"

ಇದು ಮೇಡಂ ಕಿವಿಗೆ ಬಿತ್ತು. "ಸಾಕಪ್ಪಾ ಸಾಕು! ಇವತ್ತಿಂದ ಬಾಯಿ ಮುಚ್ಕೊಂಡು ಕೆಲಸ ಮಾಡು. ನಾನು ಕೊಟ್ಟಿದ್ದನ್ನಷ್ಟೇ ಕೊಡು!" ಅಂದರು.

ಮುದ್ದಯ್ಯ ಬಾಯಿ ಮುಚ್ಚಿದ.

ಆಸ್ಪತ್ರೆಯ ವಾರ್ಡಿನಲ್ಲಿ ಜವಳಿ ಅಂಗಡಿ ಶಾಂತವೀರಪ್ಪನವರು ಅಂತ ಸಕ್ಕರೆ ಕಾಯಿಲೆಯವರೊಬ್ಬರು. ಮಾತಿನ ಮಲ್ಲ. ನರ್ಸುಗಳನ್ನ ಮಾತಲ್ಲಿ ಮರುಳು ಮಾಡಿ ಜಾಮೂನು ತರಿಸಿಕೊಳ್ಳೋರು. ಯಾವ ಪಥ್ಯವೂ ಅವರ ಹತ್ತಿರ ನಡೆದಿರಲಿಲ್ಲ. ಈಗ ತಟ್ಟೆ ತಂದವನು ಮುದ್ದಯ್ಯ.

"ಮಗಾ, ಒಂದೇ ಒಂದು ಜಾಮೂನು ತಂದುಕೊಡೋ!"

ಮುದ್ದಯ್ಯ ಸುಮ್ಮನೆ.

"ನಿನಗೊಂದು ಜರಿ ಪಂಚೆ ಕೊಡಿಸ್ತೀನೋ!"

ಮುದ್ದಯ್ಯ ಸುಮ್ಮನೆ.

"ನಿಮ್ಮಪ್ಪನ ಥರ ಅಂದ್ಕೊಳ್ಳೋ!"

ಮುದ್ದಯ್ಯ ಸುಮ್ಮನೆ, ತುಟಿ ಬಿಗಿದು, ಮೂಗಲ್ಲಿ ಉಸಿರು ಬಿಡ್ತಾ ನಿಂತಿದ್ದ. ಶಾಂತವೀರಪ್ಪನವರು ಎಷ್ಟಂತ ಗೋಡೆ ಹತ್ತಿರ ಮಾತಾಡ್ತಾರೆ? ಬೇಸತ್ತು ಸೊಪ್ಪಿನ ಪಲ್ಯ ತಿಂದರು, ಮುದ್ದೆ ತಿಂದರು. ದಿನ ಕಳೆದಂತೆ ಸಕ್ಕರೆ ಇಳೀತು. ದೊಡ್ಡ ಡಾಕ್ಟರು ಬಂದು ನೋಡಿ ಬೆರಗಾದರು.

"ಯಾರಯ್ಯಾ ಇವರನ್ನ ದಾರಿಗೆ ತಂದದ್ದು? ನೀನಾ? ಹೇಗೆ ತಂದೆ?"

ಮುದ್ದಯ್ಯ ಸುಮ್ಮನೆ.

"ನೋಡಿದ್ರಾ ಇಂದುಮತಿ! ರೋಗಿಯ ಗುಟ್ಟು ನನ್ನ ಮುಂದೂ ಬಿಡಲ್ಲ. ಎಂಥಾ ಗಂಭೀರ ಮನುಷ್ಯ! ಇವನನ್ನ ಮೊದಲು ತರಬೇತಿಗೆ ಕಳಿಸಿ!"

ಮೇಡಂ ಏನೋ ಹೇಳೋಕೆ ಹೋದರು. ದೊಡ್ಡತಾಯಮ್ಮನ ಮುಖ ನೆನಪಿಗೆ ಬಂತು. ಅವರೂ ಬಾಯಿ ಮುಚ್ಚಿದರು.

ಆಮೇಲೆ ಅವನನ್ನ ಪಕ್ಕಕ್ಕೆ ಕರೆದು, "ಇನ್ನು ಮಾತಾಡಬಹುದು ಕಣಪ್ಪ" ಅಂದರು. "ಶಾಂತವೀರಪ್ಪನವರು ನಾಳೆ ಮನೆಗೆ ಹೋಗ್ತಾರೆ. ಕೊನೇ ಊಟ ನೀನೇ ಬಡಿಸು. ಸಕ್ಕರೆ ಇಳಿದ ಖುಷೀಲಿ ಜಾಸ್ತಿ ತಿಂದಾರು. ಅರ್ಧ ಹೊಟ್ಟೆ ತಿನ್ನಿಸು, ಇನ್ನರ್ಧ ಖಾಲಿ ಬಿಡು. ತಿಳೀತಾ?"

"ಆಗಲಿ ಮೇಡಮ್ಮ, ಹಂಗೇ ಮಾಡ್ತೀನಿ!"

ತರಬೇತಿಯ ಸುದ್ದಿ ಕೇಳಿದ ದೊಡ್ಡತಾಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ ಕೆಲಸ ಮಾಡೋದನ್ನ ಕಣ್ಣಾರೆ ನೋಡಬೇಕು ಅಂತ, ಮಾರನೇ ದಿನ ಮಡಿಕೆ ಬಿಚ್ಚದೆ ಇಟ್ಟಿದ್ದ ಸೀರೆ ಉಟ್ಟು, ಹೂ ಮುಡಿದು, ಆಸ್ಪತ್ರೆಗೆ ಬಂದಳು. ಮೇಡಂ ತಾವೇ ಅವಳ ಕೈ ಹಿಡಿದು ವಾರ್ಡಿಗೆ ಕರೆದುಕೊಂಡು ಹೋದರು.

ಬಾಗಿಲು ತೆಗೆದರೆ ಏನು ನೋಡೋದು! ಮಂಚದ ಮೇಲೆ ಶಾಂತವೀರಪ್ಪನವರು ಎಡಮಗ್ಗುಲಾಗಿ ಮಲಗಿದ್ದಾರೆ. ಅಂಗಿ ಎದೆಗೇರಿದೆ. ಆ ದೊಡ್ಡ ಹೊಟ್ಟೆ ನಡುವೆ, ಎದೆಗುಂಡಿಯಿಂದ ಹೊಕ್ಕುಳ ದಾಟಿ, ಇದ್ದಿಲಲ್ಲಿ ಗೀಟು ಎಳೆದಿದೆ. ಮುದ್ದಯ್ಯ ಒಂದು ಕೈಯಲ್ಲಿ ತುತ್ತು ಕೊಡ್ತಾ, ಇನ್ನೊಂದು ಕೈಯಲ್ಲಿ ಹೊಟ್ಟೆ ತಟ್ಟಿ ತಟ್ಟಿ, ಕಿವಿಗೊಟ್ಟು ಕೇಳ್ತಾ ಇದ್ದಾನೆ.

"ಏನೋ ಇದು ಮುದ್ದಾ!" ಅಂತ ಕೂಗಿಕೊಂಡಳು ದೊಡ್ಡತಾಯಮ್ಮ. ಆ ಕೂಗಿಗೆ ಶಾಂತವೀರಪ್ಪನವರು ಬೆಚ್ಚಿ ಏಳಲು ಹೋದರು.

ಮುದ್ದಯ್ಯ ಗಾಬರಿಯಾಗಿ ಅವರನ್ನ ಎರಡು ಕೈಯಲ್ಲೂ ಅಮುಕಿ ಹಿಡಿದ.

"ಅಲ್ಲಾಡಬೇಡಿ ಯಜಮಾನ್ರೇ, ಅಲ್ಲಾಡಬೇಡಿ! ಎಡಗಡೆ ಈಗ ತಾನೇ ತುಂಬಿದೆ. ನೀವು ಎದ್ರೆ ಅನ್ನ ಎಲ್ಲಾ ಗೀಟು ದಾಟಿ ಬಲಗಡೆಗೆ ಹೊರಳ್ಕೊಂಡು ಹೋಗುತ್ತೆ!"