ಅಣ್ಣನ ಹೆಸರಿಗೆ ಹಚ್ಚಿದ ಕಪ್ಪು

ಮಗಳ ಮದುವೆ ಗಟ್ಟಿಯಾದ ಮೇಲೆ ಕೊಟ್ರಯ್ಯ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲೇ ಮಾಡಲು ಕುಳಿತ. ಆ ಆ್ಯಪಿನಲ್ಲಿ ಯಾವ ಪದವನ್ನು ಬೆರಳಿಂದ ಒತ್ತಿ ಹಿಡಿದರೂ ಅದಕ್ಕೆ ಬೇಕಾದ ಬಣ್ಣ ಕೊಡಬಹುದಿತ್ತು. ದೇವರ ಹೆಸರಿಗೆ ಕೇಸರಿ ಕೊಟ್ಟ, ವಧೂವರರಿಗೆ ಕೆಂಪು, ಬಂಧುಗಳಿಗೆ ಹಸಿರು. ತನ್ನ ಹೆಸರಿಗೆ ಬಂಗಾರದ ಬಣ್ಣ.

ಅಣ್ಣ ಗುರುಸಿದ್ದಯ್ಯನ ಹೆಸರಿಗೆ ಬಂದಾಗ ಬೆರಳು ನಿಂತಿತು. ಮಾತುಕತೆಯ ದಿನ ಅಣ್ಣ ನಾಲ್ಕು ಜನರೆದುರು, ಹುಡುಗನ ಮನೆತನ ಇನ್ನೊಮ್ಮೆ ವಿಚಾರಿಸು ಎಂದಿದ್ದ. ಅದು ಇನ್ನೂ ಒಳಗೆ ಚುಚ್ಚುತ್ತಿತ್ತು. ಹೆಸರು ಬಿಟ್ಟರೆ ಊರವರು ಆಡಿಕೊಳ್ಳುತ್ತಾರೆ, ಇಟ್ಟರೆ ತನಗೆ ಸಮಾಧಾನವಿಲ್ಲ. ಕೊನೆಗೆ ಅದೊಂದಕ್ಕೆ ಮಾತ್ರ ಕಪ್ಪು ಹಚ್ಚಿದ. ಕಪ್ಪು ಸಾವಿನ ಪತ್ರದ ಬಣ್ಣ, ಶುಭಕಾರ್ಯಕ್ಕೆ ಬೇಡ ಎಂದು ಹೆಂಡತಿ ತಡೆದಳು. ಓದಲು ಬಂದರೆ ಸಾಕು ಎಂದು ಎಲ್ಲರಿಗೂ ಕಳಿಸಿಬಿಟ್ಟ.

ಮರುದಿನ ಅಣ್ಣನ ಮನೆಯಿಂದ ಕರೆ ಬಂತು. ಕೊಟ್ರಯ್ಯ ಓಡಿ ಹೋದ. ಪರವೂರಿನ ಅಕ್ಕ ಈರವ್ವ ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. ಮಡಿಲಲ್ಲಿ ಹೂವಿನ ಹಾರ, ಹೆಣಕ್ಕೆ ಹೊದಿಸುವ ಹೊಸ ಬಿಳಿ ಬಟ್ಟೆ. ಓದು ಬಾರದ ಅವಳಿಗೆ ತಮ್ಮಂದಿರ ಹೆಸರುಗಳಷ್ಟೇ ಗುರುತು. ಹಿರಿಯ ತಮ್ಮನ ಹೆಸರೊಂದೇ ಕಪ್ಪಾಗಿದ್ದುದನ್ನು ಕಂಡು, ಅವನು ತೀರಿಹೋದನೆಂದೇ ತಿಳಿದಿದ್ದಳು. ಫೋನ್ ಮಾಡಿ ಕೇಳುವ ಧೈರ್ಯವಾಗದೆ ಸಿಕ್ಕ ಬಸ್ಸು ಹತ್ತಿ ಬಂದಿದ್ದಳು.

"ಅಳಬ್ಯಾಡಕ್ಕ, ಹೆಣ ಎಲ್ಲರೆ ರೊಟ್ಟಿ ತಿಂತದೇನು?" ಎಂದು ಗುರುಸಿದ್ದಯ್ಯ ಅವಳ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತ ನಗಿಸಲು ನೋಡಿದ. ಅವಳು ನಗಲಿಲ್ಲ. ಅವನ ಕಾಲು ಬೆಚ್ಚಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಅವನು ತಮ್ಮನ ಕಡೆ ತಿರುಗಿದ. "ಈ ಬಣ್ಣ ಮೊಬೈಲೇ ತಾನಾಗಿ ಹಾಕ್ಕೊಂತೇನೋ?"

ಹೂಂ ಎಂದರೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳಲು ಅಣ್ಣನೇ ದಾರಿ ಬಿಟ್ಟು ಕೇಳಿದ್ದ. ಆದರೆ ಅಣ್ಣನ ಕಾಲ ಮೇಲಿಂದ ಅಕ್ಕನ ಕೈ ಇನ್ನೂ ಸರಿದಿರಲಿಲ್ಲ.

"ಇಲ್ಲಣ್ಣ. ನಾನೇ ಹಾಕಿದ್ದು. ಬೇಕಂತಲೇ."

ಈರವ್ವ ಅವನ ಕಡೆ ತಿರುಗಿ ಮೆಲ್ಲಗೆ ಅಂದಳು: "ಬಸ್ಸಿನಾಗ ದಾರಿ ತುಂಬ ನಿನ್ನ ನೆನೆದೇ ಅತ್ತೆ, ಕೊಟ್ರಾ. ಅಣ್ಣನಿಲ್ಲದೆ ಈ ಹುಡುಗ ಹೆಂಗ ಬದುಕ್ತಾನಂತ."

ನೀತಿ: ಸಿಟ್ಟು ತೀರಿಸಿಕೊಳ್ಳಲು ಮಾಡಿದ ಕೆಲಸ ಎಷ್ಟೇ ಸಣ್ಣದಿರಲಿ, ಅದು ನಾವು ಗುರಿಯಿಟ್ಟವರನ್ನು ಮುಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ, ನಮಗಾಗಿ ಮರುಗುವವರ ಎದೆಗೂ ತಾಗುತ್ತದೆ. ಮನಸ್ಸು ಕಹಿಯಾಗಿದ್ದಾಗ ಮೊದಲು ಒಡಹುಟ್ಟಿದವರ ಮನೆಗೆ ಹೋಗಿ ಮಾತಾಡಬೇಕು. ಶುಭಕಾರ್ಯಕ್ಕೆ ಕೈ ಹಾಕುವುದು ಆಮೇಲೆ.