ಲವಂಗ ಕಚ್ಚಿದ ದಿನದ ಬಸ್ಸಾರು

"ಗುರುಗಳೇ, ನಾಳೆ ನಾನು ಮೊದಲ ಸಲ ಸಭೆಯಲ್ಲಿ ಮಾತನಾಡಬೇಕು. ನನ್ನ ದನಿ ಒರಟು, ಮಾತಿಗೆ ಅಲಂಕಾರವಿಲ್ಲ. ಆರಂಭದಲ್ಲೇ ಜನರ ಕ್ಷಮೆ ಕೇಳಿಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಪೇಟೆಯಲ್ಲಿ ಒಬ್ಬ ಹೋಟೆಲಿನವನಿದ್ದ. ಒಲೆಯ ಮುಂದೆ ಹೆಂಡತಿ, ಎಲೆಯ ಮುಂದೆ ಅವನು. ಅಲ್ಲಿ ಸಿಗುತ್ತಿದ್ದುದು ರಾಗಿಮುದ್ದೆ, ಬಸ್ಸಾರು, ಅಷ್ಟೇ. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ಅರೆದು ಹಾಕಿ ಅವಳು ಕುದಿಸುತ್ತಿದ್ದಳು. ಉಂಡವರು ಬೆರಳು ನೆಕ್ಕದೆ ಏಳುತ್ತಿರಲಿಲ್ಲ. ನೋಡಲು ಮಾತ್ರ ಅದು ಹೊಸ ನೀರು ಬಂದ ಕೆರೆಯ ಬಣ್ಣ.

ಹೋಟೆಲಿನವನಿಗೆ ಆ ಬಣ್ಣದ್ದೇ ನಾಚಿಕೆ. ಹೊಸಬರು ಯಾರೇ ಕೂರಲಿ, ಸೌಟು ಎತ್ತುವ ಮೊದಲೇ "ಸ್ವಾಮಿ, ಬಣ್ಣ ನೋಡಬೇಡಿ, ರುಚಿ ಚೆನ್ನಾಗಿದೆ" ಎನ್ನುತ್ತಿದ್ದ. ಅಲ್ಲಿಯವರೆಗೆ ತಮ್ಮ ಪಾಡಿಗೆ ಹರಟುತ್ತಿದ್ದವರು ಬಗ್ಗಿ ನೋಡುತ್ತಿದ್ದರು. ನೋಡಿದ ಮೇಲೆ ಕೆಲವರು ಮಜ್ಜಿಗೆ ಹಾಕಿಸಿಕೊಂಡು ಉಂಡರು, ಕೆಲವರು ಎದ್ದೇ ಹೋದರು. ಎದುರಿನ ಹೋಟೆಲು ತುಂಬಿತು, ಇವನದು ಬರಿದಾಗುತ್ತ ಬಂತು.

ಆಗ ಮಂಡಿಯ ವರ್ತಕನೊಬ್ಬ ಹೇಳಿಕಳುಹಿಸಿದ: ನಾಳೆ ಬಂದು ಉಂಡು ನೋಡುತ್ತೇನೆ, ಹಿಡಿಸಿದರೆ ನನ್ನ ಹಮಾಲರೆಲ್ಲ ದಿನವೂ ನಿಮ್ಮಲ್ಲೇ ಉಣ್ಣುತ್ತಾರೆ. ಇದೂ ಕೈತಪ್ಪಿದರೆ ಬಾಗಿಲು ಹಾಕುವುದೇ ಎಂದು ಹೋಟೆಲಿನವನಿಗೆ ಗೊತ್ತಿತ್ತು. ವರ್ತಕನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಉರುಹೊಡೆದ. ಎಲ್ಲವೂ ಬಣ್ಣದ ಬಗ್ಗೆಯೇ.

ಬೆಳಗಾಗುವಷ್ಟರಲ್ಲಿ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಬೋಂಡದಂತೆ ಊದಿತು. ಹೆಂಡತಿ ಹಲ್ಲಿನ ಸಂದಿಗೆ ಲವಂಗ ಇಟ್ಟು, "ಕಚ್ಚಿಕೊಂಡೇ ಇರಿ. ಬಾಯಿ ಬಿಟ್ಟರೆ ಬಿದ್ದುಹೋಗುತ್ತೆ" ಎಂದಳು.

ವರ್ತಕ ತನ್ನ ಗುಮಾಸ್ತನೊಂದಿಗೆ ಬಂದು ಕೂತ. ಹೋಟೆಲಿನವನು ಮುದ್ದೆ ಇಟ್ಟ, ಸಾರು ಬಿಟ್ಟ. ಉರುಹೊಡೆದದ್ದೆಲ್ಲ ನಾಲಿಗೆಯ ತುದಿಗೆ ಬಂತು, ಲವಂಗ ಬಿಡಲಿಲ್ಲ. ಇನ್ನೇನು ಎಲೆ ನೋಡುತ್ತಾನೆ, ಏಳುತ್ತಾನೆ ಎಂದು ಸೌಟು ಹಿಡಿದೇ ನಿಂತ. ವರ್ತಕ ಹಸಿದಿದ್ದ. ಮೂಟೆಯ ತೂಕದ ಮಾತಾಡುತ್ತಲೇ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದ. ಮಾತು ಅರ್ಧಕ್ಕೇ ನಿಂತಿತು.

"ಇನ್ನೊಂದು ಸೌಟು ಬಿಡಯ್ಯ" ಎಂದ.

ಮುದ್ದೆ ಮುಗಿಯುವವರೆಗೆ ತೂಕದ ಮಾತು ಮತ್ತೆ ಬರಲಿಲ್ಲ. ಕೈ ತೊಳೆಯುವಾಗ, ನಾಳೆಯಿಂದ ಹಮಾಲರು ಬರುತ್ತಾರೆಂದು ಹೇಳಿ ಹೋದ.

ಹೋಟೆಲಿನವನು ಒಳಗೆ ಓಡಿದ. ಲವಂಗ ಉಗಿದು, "ಇವತ್ತು ಸಾರಿಗೆ ಏನೇ ಹಾಕಿದ್ದೆ?" ಎಂದು ಕೇಳಿದ.

"ಸಾರಿಗೆ ದಿನಾ ಹಾಕೋದನ್ನೇ ಹಾಕಿದ್ದೆ. ಹೊಸದಾಗಿ ಹಾಕಿದ್ದು ನಿಮ್ಮ ಬಾಯಿಗೆ," ಎಂದಳು ಹೆಂಡತಿ. "ನಾಳೆಗೂ ಒಂದು ಲವಂಗ ತೆಗೆದಿಟ್ಟಿದ್ದೀನಿ."

ಶಿಷ್ಯ ನಕ್ಕ. ಆಮೇಲೆ, "ಹಾಗಾದರೆ ಕ್ಷಮೆ ಕೇಳುವುದಿಲ್ಲ. ಆದರೆ ಗುರುಗಳೇ, ಮೊದಲು ಏನು ಹೇಳಿ ಶುರುಮಾಡಲಿ?" ಎಂದ.

ಗುರುಗಳೆಂದರು: "ಹಸಿದು ಬಂದವರು ಕೂತಿದ್ದಾರೆ, ಬಡಿಸು."